ರುಜುರಾಯರ ಸರ್ಚ್‌ಲೈಟು

ಎಲ್ಲದಕ್ಕೂ ಮೂಲ ಒಂದು ಪ್ಲಗ್ಗು. ಫೋನಿಗೋ ಟೇಬಲ್ ಫ್ಯಾನಿಗೋ ಇರುವಂಥ ನಾಜೂಕಿನ ಪ್ಲಗ್ಗಲ್ಲ ಅದು. ಪೈಲ್ವಾನನ ಬೆರಳುಗಳಂತೆ ದಪ್ಪನೆಯ ಮೂರು ಕಾಲು ಚಾಚಿಕೊಂಡದ್ದು. ಕಚೇರಿಯ ಹದಿನಾಲ್ಕು ಸಾಕೆಟ್ಟುಗಳಲ್ಲಿ ಹದಿಮೂರು ಅದನ್ನು ಹತ್ತಿರ ಸೇರಿಸಲಿಲ್ಲ. ಸೇರಿಸಿದ ಹದಿನಾಲ್ಕನೆಯದು ಶೌಚಾಲಯದ ಬಾಗಿಲ ಪಕ್ಕದಲ್ಲಿತ್ತು.

ಪ್ಲಗ್ಗು ಸರ್ಚ್‌ಲೈಟಿನದು. ಸರ್ಚ್‌ಲೈಟು ಕಚೇರಿಯದು. ಅದರ ಜವಾಬ್ದಾರಿ ರುಜುರಾಯರದು.

ಅದು ಅಚ್ಚು ಹಾಕಿದ ಫಾರಂಗಳನ್ನು ಊರಿನ ಮಿಕ್ಕ ಕಚೇರಿಗಳಿಗೆ ಹಂಚುವ ಕಚೇರಿ. ರುಜುರಾಯರು ಅಲ್ಲಿ ಸ್ಟೋರ್‌ಕೀಪರು. ಅವರಿಗೆ ತಂದೆತಾಯಿ ಇಟ್ಟ ಹೆಸರೊಂದು ಇದ್ದೇ ಇತ್ತು; ಆದರೆ ಕಾಗದದ ಮೇಲೆ ಖಾಲಿ ಜಾಗ ಕಂಡಲ್ಲೆಲ್ಲ ಓದದೆ ರುಜು ಜಡಿಯುವ ಅಭ್ಯಾಸ ಆ ಹೆಸರನ್ನು ನುಂಗಿ ನೀರು ಕುಡಿದಿತ್ತು. ಒಮ್ಮೆ ಹಾಲಿನವನ ಮದುವೆ ಕರೆಯೋಲೆಗೂ ರುಜು ಹಾಕಿ ವಾಪಸು ಕೊಟ್ಟಿದ್ದರು.

ಹಳೆಯ ಫಾರಂಗಳಿದ್ದದ್ದು ನೆಲಮಾಳಿಗೆಯಲ್ಲಿ. ಅಲ್ಲಿನ ದೀಪಗಳು ತೇವಕ್ಕೆ ಸುಟ್ಟುಹೋದ ಮೇಲೆ, ಎರಡು ವರ್ಷದ ಹಿಂದೆ, ಮೇಲಿನವರು ಒಂದು ಸರ್ಚ್‌ಲೈಟು ಕಳಿಸಿಕೊಟ್ಟರು. ಬಂದೂಕಿನಂಥ ಹಿಡಿ, ಬೆರಳಿನಿಂದ ಒತ್ತಲು ಬಂದೂಕಿನಂಥದೇ ಕುದುರೆ, ಮುಂದುಗಡೆ ಅಡುಗೆ ಪಾತ್ರೆಯಷ್ಟು ಅಗಲದ ಗಾಜು. ಅದರ ಕೊರಳಿಗೆ ದಾರದಲ್ಲಿ ಕಟ್ಟಿದ ಒಂದು ಕಾರ್ಡು. ತಿಂಗಳಿಗೊಂದು ಸಾಲು, ಸಾಲಿಗೆ ಎರಡು ಕಲಂ. ಒಂದರ ತಲೆಯ ಮೇಲೆ ‘ದೀಪ ಚಾರ್ಜು ಮಾಡಲಾಗಿದೆ’, ಇನ್ನೊಂದರ ಮೇಲೆ ‘ಇದರ ಬೆಳಕಿನಲ್ಲಿ ನೆಲಮಾಳಿಗೆಯ ಕೊನೆಯ ಗೋಡೆಯವರೆಗೆ ನೋಡಲಾಗಿದೆ, ಎಲ್ಲ ಸರಿಯಾಗಿದೆ’. ಎರಡು ಕಲಂ, ಇಪ್ಪತ್ತನಾಲ್ಕು ತಿಂಗಳು, ನಲವತ್ತೆಂಟು ರುಜು. ಒಂದಕ್ಕಿಂತ ಒಂದು ಚೆಂದ. ಲೈಟು ಮಾತ್ರ ಡಬ್ಬದಿಂದ ಹೊರಗೆ ಬಂದಿರಲಿಲ್ಲ.

ಹೀಗಿರುವಾಗ ಒಂದು ದಿನ ಬೆಳಗ್ಗೆ ಒಂಬತ್ತೂವರೆಗೆ ಮ್ಯಾನೇಜರ್ ಮೇಡಂ ಬಾಗಿಲಲ್ಲಿ ನಿಂತು ಸಾರಿದರು: “ತಪಾಸಣೆ ಸಾಹೇಬರು ಇವತ್ತು ನಾಲ್ಕು ಗಂಟೆಗೆ ಬರ್ತಾರಂತೆ. ರಾಯರೇ, ನೆಲಮಾಳಿಗೆ ನೋಡ್ತಾರಂತೆ. ನಿಮ್ಮ ಬಡ್ತಿ ಫೈಲೂ ಅವರ ಬ್ಯಾಗಲ್ಲೇ ಇದೆ. ಲೈಟು ಚಾರ್ಜ್ ಇದೆ ತಾನೆ?”

“ಕಾರ್ಡು ನೋಡಿ ಮೇಡಂ!” ಎಂದರು ರಾಯರು. ಹನ್ನೊಂದು ವರ್ಷ ಕಾದ ಬಡ್ತಿ ಅದು.

ಮೇಡಂ ಅತ್ತ ಹೋದದ್ದೇ ರಾಯರು ಡಬ್ಬ ತೆರೆದು ಕುದುರೆ ಒತ್ತಿದರು. ‘ಟಿಕ್’ ಎಂದಿತು. ಮತ್ತೆ ಒತ್ತಿದರು. ಮತ್ತೆ ‘ಟಿಕ್’. ಡಬ್ಬದ ತಳದಲ್ಲಿ ಮಡಿಸಿಟ್ಟ ಸೂಚನೆಯ ಹಾಳೆ ಎರಡು ವರ್ಷದಿಂದ ಅವರಿಗಾಗಿಯೇ ಕಾದಿತ್ತು: ‘ಬಳಸದಿದ್ದರೂ ತಿಂಗಳಿಗೊಮ್ಮೆ ಚಾರ್ಜು ಮಾಡತಕ್ಕದ್ದು. ಪೂರ್ತಿ ಚಾರ್ಜಿಗೆ ಆರು ಗಂಟೆ. ಕೆಂಪು ದೀಪ: ಚಾರ್ಜು ಆಗುತ್ತಿದೆ. ಹಸಿರು ದೀಪ: ಆಯಿತು.’

ನಾಲ್ಕಕ್ಕೆ ಇನ್ನು ಆರು ಗಂಟೆ, ಇಪ್ಪತ್ತು ನಿಮಿಷ.

ಶೌಚಾಲಯದ ಪಕ್ಕದ ಸಾಕೆಟ್ಟಿಗೆ ಪ್ಲಗ್ಗು ಸಿಕ್ಕಿಸಿ, ಲೈಟನ್ನು ಅಲ್ಲೇ ಇದ್ದ ಮುರುಕು ಕುರ್ಚಿಯ ಮೇಲಿಟ್ಟು, ಯಾರಿಗೂ ಕಾಣದಂತೆ ಮೇಲೊಂದು ಒರೆಸುಬಟ್ಟೆ ಹೊದಿಸಿದರು. ಕೆಂಪು ದೀಪ ಹತ್ತಲಿಲ್ಲ. ಪ್ಲಗ್ಗನ್ನು ಅಲ್ಲಾಡಿಸಿದರು, ಗುದ್ದಿದರು, ಕೊನೆಗೆ ಗೋಗರೆದರು. ಅಷ್ಟರಲ್ಲಿ ಟೈಪಿಸ್ಟ್ ಅಕ್ಕ ಬಂದು, ಗೋಡೆಯ ಸ್ವಿಚ್ಚು ಹಾಕಿ, ಶೌಚಾಲಯದ ಒಳಗೆ ಹೋದರು. ಬಟ್ಟೆಯಡಿ ಕೆಂಪಗೆ ಮಿನುಗಿತು! ರಾಯರು ಕೈ ಮುಗಿಯುವುದರಲ್ಲಿದ್ದರು. ಅಕ್ಕ ಹೊರಗೆ ಬಂದು ಸ್ವಿಚ್ಚು ಆರಿಸಿದರು. ಕೆಂಪೂ ಹೋಯಿತು.

ಯಾವ ಪುಣ್ಯಾತ್ಮ ವೈರು ಎಳೆದಿದ್ದನೋ, ಆ ಸಾಕೆಟ್ಟಿಗೂ ಶೌಚಾಲಯದ ಬಲ್ಬಿಗೂ ಒಂದೇ ಸ್ವಿಚ್ಚು. ಒಳಗೆ ದೀಪ ಉರಿದರೆ ಹೊರಗೆ ಚಾರ್ಜು.

ರಾಯರು ಸ್ವಿಚ್ಚು ಹಾಕಿ ಸ್ಟೋರಿಗೆ ಬಂದು ಕೂತರು. ಐದು ನಿಮಿಷದಲ್ಲಿ ಹೆಡ್ ಕ್ಲರ್ಕು ಶೌಚಾಲಯದ ಕಡೆಗೆ ಬಂದರು. ಇವರನ್ನು ಕಚೇರಿಯಲ್ಲಿ ಬೆನ್ನ ಹಿಂದೆ ಕರೆಯುತ್ತಿದ್ದದ್ದು ಸ್ವಿಚ್ಚಪ್ಪ ಎಂದು. ಬೇಡದೆ ಉರಿಯುವ ದೀಪ ಕಂಡರೆ ಅವರಿಗೆ ತಮ್ಮ ಮೈಯಿಂದಲೇ ರಕ್ತ ಸೋರುತ್ತಿರುವಂತೆ ಸಂಕಟ. ಇರುವೆಗೆ ಬೆಲ್ಲದ ವಾಸನೆ ಹೊಡೆದ ಹಾಗೆ ಅವರಿಗೆ ಆ ಬಲ್ಬಿನ ವಾಸನೆ ಹೊಡೆಯಿತು.

“ಖಾಲಿ ಶೌಚಾಲಯಕ್ಕೆ ದೀಪ! ಒಳಗಿನ ಜಿರಲೆ ಪೇಪರ್ ಓದ್ತವಾ?” ಎಂದು ಟಪ್ಪನೆ ಆರಿಸಿದರು.

ರಾಯರು ಎದ್ದುಹೋಗಿ ಹಾಕಿದರು. ಸ್ವಿಚ್ಚಪ್ಪ ಆರಿಸಿದರು. ರಾಯರು ಹಾಕಿದರು. ಯಾರು ಹೋಗಿ ಬಂದರೂ ಆರಿಸಿಯೇ ಬರುವಂತೆ ಸ್ವಿಚ್ಚಪ್ಪ ಎಲ್ಲರನ್ನೂ ಎಂದೋ ಪಳಗಿಸಿದ್ದರು. ‘ದಯವಿಟ್ಟು ದೀಪ ಆರಿಸಬೇಡಿ’ ಎಂದು ರಾಯರು ಕದ್ದು ಒಂದು ಚೀಟಿ ಅಂಟಿಸಿದರು. ಕೈ ಅಭ್ಯಾಸಬಲದಿಂದ ಅದರ ಕೆಳಗೂ ರುಜು ಹಾಕಿಬಿಟ್ಟಿತ್ತು, ತಾವೇ ಓಡಿಹೋಗಿ ಕಿತ್ತು ಬಾಯಿಗೆ ಹಾಕಿಕೊಳ್ಳಬೇಕಾಯಿತು. ನಿಜ ಹೇಳುವಂತಿರಲಿಲ್ಲ. ಚಾರ್ಜು ಆಗಿದೆ ಎಂದು ಇದೇ ಒಂದನೇ ತಾರೀಕು ರುಜು ಹಾಕಿದ್ದ ಮನುಷ್ಯ, ಇಂದು ಚಾರ್ಜಿಗೆ ಇಟ್ಟಿದ್ದೇನೆ ಎಂದರೆ ಸ್ವಿಚ್ಚಪ್ಪ ಅದನ್ನು ಸಾಹೇಬರ ಕಿವಿಗೆ ಮುಟ್ಟಿಸದೆ ನೀರು ಕುಡಿಯುವವರಲ್ಲ.

ಹನ್ನೊಂದೂವರೆಗೆ ಟೈಪಿಸ್ಟ್ ಅಕ್ಕ ಕನ್ನಡಕ ಇಳಿಸಿ ಕೇಳಿದರು: “ರಾಯರೇ, ಯಾವಾಗಿಂದ?”

“ಏನು ಯಾವಾಗಿಂದ?”

“ನಾಚ್ಕೋಬೇಡಿ. ನಾನು ಎಣಿಸ್ತಾನೇ ಇದೀನಿ. ಇದು ಒಂಬತ್ತನೇ ಸಲ.”

“ನಾನು... ಕೈ ತೊಳೆಯೋಕೆ ಹೋಗಿದ್ದೆ.”

“ಎಲ್ಲಾರೂ ಮೊದಮೊದ್ಲು ಹಂಗೇ ಅನ್ನೋದು. ನಮ್ಮ ದೊಡ್ಡಪ್ಪನೂ ಹಂಗೇ ಅಂತಿದ್ರು. ಉಪ್ಪು ಸಕ್ಕರೆ ನೀರು ಕಲಸ್ತೀನಿ, ಕೂತ್ಕೊಳ್ಳಿ.”

ಕಲಸಿದ ನೀರು ದೊಡ್ಡ ಲೋಟದಲ್ಲಿ ಬಂತು. ಬೇಡವೆಂದರೆ ಅಕ್ಕ ಸುಸ್ತು ಎಂದರು. ಕುಡಿದರೆ ನೋಡಿ ಎಷ್ಟು ಬಾಯಾರಿಕೆ ಎಂದರು. ಎರಡು ಲೋಟ ಕುಡಿದ ಮೇಲೆ ರಾಯರು ಒಂದು ಸಲ ನಿಜವಾಗಿಯೇ ಹೋಗಬೇಕಾಯಿತು. ಒಳಗಿದ್ದಾಗ ಸ್ವಿಚ್ಚಪ್ಪ ಹೊರಗಿನಿಂದ ದೀಪ ಆರಿಸಿದರು.

“ರೀ! ಒಳಗೆ ಇದೀನ್ರೀ!” ಎಂದು ಕತ್ತಲಿಂದ ರಾಯರು ಕೂಗಿದರು.

“ಮತ್ತೆ ನೀವೇನಾ!” ಎಂದು ಸ್ವಿಚ್ಚಪ್ಪನ ಧ್ವನಿ ಮೆತ್ತಗಾಯಿತು, ದೀಪ ಮತ್ತೆ ಹತ್ತಿತು. “ಹೇಳಬಾರದಾ ಮಹರಾಯರೇ? ನೀವು ಆರಾಮಾಗಿ ಮುಗಿಸ್ಕೊಳ್ಳಿ. ನಾನು ಇಲ್ಲೇ ಕಾವಲು ನಿಲ್ತೀನಿ.”

ಅವರು ಅಲ್ಲಿ ಕಾವಲು ನಿಂತಷ್ಟು ಹೊತ್ತೂ ಸ್ವಿಚ್ಚು ಹಾಕಿಯೇ ಇತ್ತು. ಇದು ಹೊಳೆದಾಗ ರಾಯರು ಮೂಗು ಮುಚ್ಚಿಕೊಂಡು ಒಳಗೇ ನಲವತ್ತು ನಿಮಿಷ ನಿಂತರು. ಹೊರಗಿನವರಿಗೆ ನಂಬಿಕೆ ಬರಲೆಂದು ಆಗಾಗ ನರಳಿದರು.

ಹೊರಗೆ ಬಂದಾಗ ಫೋನು ಬಡಿದುಕೊಳ್ಳುತ್ತಿತ್ತು. ಹೆಂಡತಿ.

“ಏನ್ರೀ, ಬೆಳಗ್ಗೆ ನಾನು ಮಾಡಿ ಹಾಕಿದ್ದು ತಿಂದು ಹೀಗಾಯ್ತು ಅಂತ ಆಫೀಸಿಗೆಲ್ಲ ಸಾರಿದೀರಂತೆ?”

“ನಾನೆಲ್ಲೇ ಸಾರಿದೆ? ಯಾರಂದ್ರು?”

“ನಿಮ್ಮ ಹೆಡ್ ಕ್ಲರ್ಕೇ ಫೋನ್ ಮಾಡಿದ್ರು. ‘ಅಮ್ಮಾ, ಬೆಳಗ್ಗೆ ಏನು ಹಾಕಿದ್ರಿ’ ಅಂತ ಕೇಳ್ತಾರೆ, ಪೊಲೀಸಿನವರ ಥರ! ನಾನೂ ಅದನ್ನೇ ತಿಂದಿದೀನಿ, ಗುಂಡುಕಲ್ಲಿನ ಹಾಗಿದೀನಿ.”

“ನನಗೇನೂ ಆಗಿಲ್ಲ ಕಣೇ.”

“ಏನೂ ಆಗದೆ ಅಷ್ಟು ಹೊತ್ತು ಒಳಗೆ ಏನು ಮಾಡ್ತಿದ್ರಿ?”

ಸುತ್ತ ನಾಲ್ಕು ಜನ ಕಿವಿ ಇಟ್ಟಿದ್ದರು. ರಾಯರು ದನಿ ತಗ್ಗಿಸಿ, “ರಾತ್ರಿ ಬಂದು ಹೇಳ್ತೀನಿ” ಎಂದರು. “ಬನ್ನಿ, ಗಂಜಿ ಕಾಯಿಸಿಟ್ಟಿರ್ತೀನಿ. ಇನ್ನು ಎಂಟು ದಿನ ಅದೇ” ಎಂದು ಫೋನು ಕೆಳಗಿಟ್ಟಳು.

ಎರಡು ಗಂಟೆಗೆ ಬಟ್ಟೆ ಸರಿಸಿ ಕುದುರೆ ಒತ್ತಿ ನೋಡಿದರು. ಕಾಮಾಲೆ ಬಂದವನ ಕಣ್ಣಿನಂತೆ ಹಳದಿಗೆ ಒಂದು ಚುಕ್ಕೆ. ರಾಯರಿಗೆ ಅಳು ಬರುವಂತಾಯಿತು. ಆದರೆ ಆ ವೇಳೆಗೆ ಕಚೇರಿಯ ಕರುಣೆ ಅವರ ಕಡೆಗೆ ತಿರುಗಿತ್ತು. ಪಾಪ, ಯಾವ ಗಳಿಗೆಯಲ್ಲಿ ಓಡಿಬರುತ್ತಾರೋ ಎಂದು, ಮೇಡಂ ಆಜ್ಞೆ ಮಾಡಿದರು: ಶೌಚಾಲಯ ರಾಯರಿಗೇ ಬಿಟ್ಟಿರಬೇಕು, ದೀಪ ಹಾಕಿಯೇ ಇರಬೇಕು. ಮಿಕ್ಕವರು ಎದುರಿನ ಅಂಗಡಿಯ ಶೌಚಾಲಯಕ್ಕೆ ಹೋಗಬೇಕು. ಸ್ವಿಚ್ಚಪ್ಪ ಹಲ್ಲು ಕಚ್ಚಿ ಒಪ್ಪಿದರು. ಮಾನ ಹೋದ ದಾರಿಯಲ್ಲೇ ಕರೆಂಟು ಬಂತು.

ಮೂರು ಐವತ್ತಕ್ಕೆ ಹಸಿರು ದೀಪ ಇನ್ನೂ ಹತ್ತಿರಲಿಲ್ಲ; ಆದರೂ ಕುದುರೆ ಒತ್ತಿದರೆ ಬೆಳ್ಳಗೆ ಬೆಳಕು ಚಿಮ್ಮಿತು. ರಾಯರು ಸರ್ಚ್‌ಲೈಟನ್ನು ಎದೆಗವಚಿಕೊಂಡು ಸ್ಟೋರಿಗೆ ತಂದ ರೀತಿಯಲ್ಲಿ ಹೆತ್ತ ಮಕ್ಕಳನ್ನೂ ಅವರು ಎತ್ತಿಕೊಂಡಿರಲಿಲ್ಲ.

ನಾಲ್ಕಕ್ಕೆ ಸರಿಯಾಗಿ ತಪಾಸಣೆ ಸಾಹೇಬರು ಬಂದರು. ತೆಳ್ಳಗೆ, ಇಸ್ತ್ರಿ ಮಾಡಿದ ಹಾಗಿದ್ದರು. ಬಾಗಿಲ ಹಿಡಿಯನ್ನೂ ಕರವಸ್ತ್ರದಲ್ಲೇ ಮುಟ್ಟುವವರು. ಮೇಡಂ ಅವರ ಕಿವಿಯಲ್ಲಿ ಏನೋ ಪಿಸುಗುಟ್ಟಿದರು. ಸಾಹೇಬರು ರಾಯರಿಂದ ಎರಡು ಹೆಜ್ಜೆ ಹಿಂದೆ ಸರಿದು ಕರವಸ್ತ್ರವನ್ನು ಮೂಗಿಗೆ ಏರಿಸಿದರು.

“ಅಯ್ಯೋ, ಹಾಗಿದ್ರೆ ನೆಲಮಾಳಿಗೆ ಬೇಡ ಬಿಡಿ,” ಎಂದರು. “ಇಬ್ಬರೇ ಕೆಳಗೆ, ಗಾಳಿ ಬೇರೆ ಇಲ್ಲ. ಕಾರ್ಡು ಮೇಜಿನ ಮೇಲಿಡಿ, ದೂರದಿಂದ. ‘ತೃಪ್ತಿಕರ’ ಅಂತ ಬರೆದುಬಿಡ್ತೀನಿ. ಬಡ್ತಿ ಕಾಗದಕ್ಕೂ ಇಲ್ಲೇ ರುಜು ಹಾಕ್ತೀನಿ.” ಪೆನ್ನಿನ ಮುಚ್ಚಳವನ್ನೂ ತೆಗೆದರು.

ಆಗ ಸ್ವಿಚ್ಚಪ್ಪ ನಿಟ್ಟುಸಿರು ಬಿಟ್ಟರು. “ಪಾಪ ಸರ್. ಬೆಳಗ್ಗಿಂದ ಹದಿನೇಳು ಸಲ.”

ಹದಿನೇಳು ಎಂಬ ಸಂಖ್ಯೆ ರಾಯರ ನೆತ್ತಿಗೇರಿತು. ಹದಿನೇಳು ಸಲವೂ ಅವರು ಎದ್ದು ಓಡಿದ್ದು ಈ ದೀಪಕ್ಕಾಗಿ. ಎರಡು ಲೋಟ ಉಪ್ಪುನೀರು, ನಲವತ್ತು ನಿಮಿಷದ ವಾಸನೆ, ಎಂಟು ದಿನದ ಗಂಜಿ, ಎಲ್ಲ ಈ ದೀಪಕ್ಕಾಗಿ. ಈಗ ಅದನ್ನು ಯಾರೂ ನೋಡುವುದೇ ಇಲ್ಲವೆ?

“ನನಗೇನೂ ಆಗಿಲ್ಲ ಸರ್!” ಎಂದು ಗುಡುಗಿದರು. “ಕಲ್ಲು ಅರಗಿಸ್ಕೊಳ್ತೀನಿ! ನಮ್ಮ ಕೆಲಸ ಕಾಗದದ ಮೇಲಲ್ಲ, ನೀವು ಕಣ್ಣಾರೆ ನೋಡಬೇಕು!” ಎಂದು ಸರ್ಚ್‌ಲೈಟು ಎತ್ತಿ ಕುದುರೆ ಒತ್ತಿದರು. ಬೆಳಕು ಬಿಳಿಯ ಕಂಬದಂತೆ ನುಗ್ಗಿ ಸಾಹೇಬರ ಮುಖಕ್ಕೆ ಬಡಿಯಿತು. ಸಾಹೇಬರು ಕಣ್ಣುಜ್ಜಿಕೊಂಡು, “ಭಲೇ!” ಎಂದರು. “ಎರಡು ವರ್ಷದ ಬ್ಯಾಟರಿ ಇಷ್ಟು ಚೆನ್ನಾಗಿಟ್ಟವರನ್ನ ನಾನು ನೋಡೇ ಇಲ್ಲ. ನಡೀರಿ, ಮುಂದೆ ನಡೀರಿ.”

ಇಪ್ಪತ್ತೆರಡು ಮೆಟ್ಟಿಲು. ರಾಯರು ಹೆಮ್ಮೆಯಿಂದ ಲೈಟನ್ನು ನೇರ ಕೊನೆಯ ಗೋಡೆಗೆ ಹಿಡಿದು, ಬೆರಳು ತೆಗೆದರೂ ಆರದಂತೆ ಕುದುರೆಯ ಕೊಕ್ಕೆಯನ್ನೂ ತಳ್ಳಿದರು.

ಕೊನೆಯ ಗೋಡೆ ಇರಲಿಲ್ಲ. ಇದ್ದಿರಬಹುದು, ಅಂಗಳದ ಮರದ ಬೇರುಗಳು ಗೋಡೆ ಸೀಳಿ ಇಳಿಬಿದ್ದು ಅದನ್ನು ಮುಚ್ಚಿದ್ದವು, ನೂರು ಜನ ಮುದುಕರು ಗಡ್ಡ ಬಿಟ್ಟುಕೊಂಡು ಸಾಲಾಗಿ ನಿಂತಂತೆ. ಕೆಳಗೆ ಪಾದ ಮುಳುಗುವಷ್ಟು ನೀರು. ಮೂರು ಬೀರುಗಳು ಒಂದರ ಮೇಲೊಂದು ಒರಗಿ ಮಲಗಿದ್ದವು. ಫಾರಂಗಳ ಕಟ್ಟುಗಳ ಮೇಲೆ ಅಣಬೆಗಳು ಕೊಡೆ ಬಿಚ್ಚಿದ್ದವು. ಒಂದು ಕಪ್ಪೆ ಬೆಳಕಿಗೆ ಬೆಚ್ಚಿ, ಕಣ್ಣು ಪಿಳುಕಿಸಿ, ಬಂದವರು ಯಾರೆಂದು ಕೇಳುವಂತೆ ವಟಗುಟ್ಟಿತು.

ಸಾಹೇಬರು ಕಾರ್ಡಿನ ಎರಡನೇ ಕಲಮನ್ನು ಮೇಲಿನಿಂದ ಕೆಳಗಿನವರೆಗೂ ಓದಿದರು. ರಾಯರೂ ಅವರ ಭುಜದ ಮೇಲಿಂದ ಇಣುಕಿ ಓದಿದರು. ಅವರು ಅದನ್ನು ಓದಿದ್ದು ಅದೇ ಮೊದಲು.

“ಸರ್, ಅದು... ಕತ್ತಲಲ್ಲಿ ಸರಿಯಾಗಿ ಕಾಣ್ತಿರಲಿಲ್ಲ,” ಎಂದರು.

“ದೀಪ ಕೆಟ್ಟಿದ್ದಿದ್ರೆ ನಾನೂ ಹಾಗೇ ಬರ್ಕೊಳ್ತಿದ್ದೆ ರಾಯರೇ. ಪಾಪ, ಬೆಳಕಿಲ್ಲ, ಏನು ಮಾಡ್ತಾರೆ ಅಂತ. ಇಂಥಾ ದೀಪ ಕೈಲಿ ಹಿಡ್ಕೊಂಡು, ಇಪ್ಪತ್ನಾಲ್ಕು ಸಲ ನೋಡಿ, ಇದು ಕಾಣಲಿಲ್ಲ ಅಂದ್ರೆ?”

ರಾಯರು ಕೊಕ್ಕೆ ಬಿಡಿಸಲು ನೋಡಿದರು. ಅದು ಸಿಕ್ಕಿಕೊಂಡಿತ್ತು. ಬೆಳಗ್ಗೆಯಿಂದ ಹತ್ತಲೊಲ್ಲದ ದೀಪ ಈಗ ಆರಲೊಲ್ಲದು.

ಸಾಹೇಬರು ಬಡ್ತಿಯ ಕಾಗದವನ್ನು ಮಡಿಸಿ ಬ್ಯಾಗಿಗೆ ಹಾಕಿ, ಇನ್ನೊಂದು ಹಾಳೆ ತೆಗೆದರು. ಕಬ್ಬಿಣದ ಬೀರುವೊಂದರ ಬೆನ್ನಿನ ಮೇಲಿಟ್ಟುಕೊಂಡು ಬರೆಯತೊಡಗಿದರು. “ಸ್ವಲ್ಪ ಈ ಕಡೆ ಹಿಡೀರಿ. ಹಾಂ. ನಿಮ್ಮ ಪೂರ್ತಿ ಹೆಸರು ಹೇಳಿ, ರುಜು ನೋಡಿದ್ರೆ ಏನೂ ತಿಳಿಯಲ್ಲ.”

ಮೇಲಿನಿಂದ ಸ್ವಿಚ್ಚಪ್ಪನ ಕಾತರದ ಕೂಗು ಕೇಳಿತು: “ರಾಯರೇ! ಶೌಚಾಲಯದ ದೀಪ ಆರಿಸ್ಲಾ, ಇನ್ನೂ ಬೇಕಾ?”

ಸಾಹೇಬರು ಬರೆದು ಮುಗಿಸಿ ಹಾಳೆ ಮುಂದೆ ಚಾಚಿದರು. “ತಲುಪಿತು ಅಂತ ಕೆಳಗೊಂದು ರುಜು ಹಾಕಿ.”

ರುಜುರಾಯರು ಒಂದು ಕೈಯಲ್ಲಿ ಸರ್ಚ್‌ಲೈಟು, ಒಂದು ಕೈಯಲ್ಲಿ ಪೆನ್ನು ಹಿಡಿದು, ಜನ್ಮದಲ್ಲಿ ಮೊದಲ ಸಲ, ಪ್ರತಿ ಅಕ್ಷರವನ್ನೂ ಓದಿ ರುಜು ಹಾಕಿದರು. ಓದಲು ಬೆಳಕಿಗೇನೂ ಕೊರತೆ ಇರಲಿಲ್ಲ.