ಖಾಲಿ ರಸ್ತೆಯ ಸವಾರರು

ಸೈಕಲ್ಲು ಹತ್ತಿದವನಿಗೆ ಏನಾದರೊಂದು ಆಗುತ್ತಲೇ ಇರುತ್ತದೆ. ರಸ್ತೆ ಖಾಲಿಯಿದ್ದರಂತೂ ಇನ್ನೂ ಬೇಗ ಆಗುತ್ತದೆ. ಇದು ನನ್ನ ಅನುಭವದ ಮಾತು.

ಸ್ವಾತಂತ್ರ್ಯ ಬಂದು ಕೆಲವು ವರ್ಷ ಕಳೆದಿದ್ದ ಕಾಲ. ನಾನು ಮೈಸೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ದೇವರಾಜ ಮೊಹಲ್ಲಾದ ವಠಾರದ ಮನೆಯಲ್ಲಿ ಅಮ್ಮ, ನಾನು, ನನ್ನ ಕಪ್ಪು ಸೈಕಲ್ಲು. ಮಾರ್ಕೆಟ್ಟಿನ ಗಲಾಟೆ ದಾಟಿದರೆ ಸಾಕು, ಊರಿನ ರಸ್ತೆಗಳೆಲ್ಲ ನಮ್ಮವೇ. ಜಯಲಕ್ಷ್ಮಿಪುರಂ ಕಡೆ ಹೊರಟರೆ ನಮ್ಮ ಚಕ್ರದ ಸದ್ದು ನಮಗೇ ಕೇಳಿಸುತ್ತಿತ್ತು. ಕಾರು ಬಂದರೆ ಇಳಿದು ನಿಂತುಬಿಡುತ್ತಿದ್ದೆವು. ಭಯಕ್ಕಲ್ಲ, ಯಾರ ಕಾರು ಅಂತ ನೋಡುವುದಕ್ಕೆ.

ಮರ್ಯಾದಸ್ಥರ ಡಿಕ್ಕಿ

ನಮ್ಮ ಕಚೇರಿಗೆ ಬರುತ್ತಿದ್ದ ವಕೀಲರೊಬ್ಬರಿದ್ದರು. ನನಗೆ ಪಾಠ ಹೇಳಿದ ಮೇಷ್ಟ್ರೊಬ್ಬರಿದ್ದರು. ಇಬ್ಬರೂ ಬಹಳ ಮರ್ಯಾದಸ್ಥರು. ಒಂದು ಬೆಳಿಗ್ಗೆ ಜಯಲಕ್ಷ್ಮಿಪುರಂನ ನೇರ ರಸ್ತೆಯಲ್ಲಿ ಇಬ್ಬರೂ ಎದುರುಬದುರು ಸೈಕಲ್ಲಿನಲ್ಲಿ ಬಂದರು. ನಾನು ಮೇಷ್ಟ್ರ ಹಿಂದೆ ಬರುತ್ತಿದ್ದೆ. ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ.

ಮೇಷ್ಟ್ರಿಗೆ ದಾರಿ ಬಿಡೋಣವೆಂದು ವಕೀಲರು ರಸ್ತೆ ಬದಿಯ ಹುಣಸೇಮರದ ಕಡೆ ತಿರುಗಿದರು. ವಕೀಲರಿಗೆ ದಾರಿ ಬಿಡೋಣವೆಂದು ಮೇಷ್ಟ್ರೂ ಹುಣಸೇಮರದ ಕಡೆಗೇ ತಿರುಗಿದರು. ಅದನ್ನು ನೋಡಿ ಇಬ್ಬರೂ ಆಚೆ ಬದಿಗೆ ತಿರುಗಿದರು. ಮತ್ತೆ ಈಚೆ ಬದಿಗೆ ಬಂದರು. ಕೊನೆಗೆ ರಸ್ತೆಯ ನಟ್ಟನಡುವೆ ಡಿಕ್ಕಿ ಹೊಡೆದುಕೊಂಡು ಕೆಳಗೆ ಬಿದ್ದರು. ಮೇಷ್ಟ್ರ ಕೊಡೆ ವಕೀಲರ ಚಕ್ರದೊಳಗಿತ್ತು, ವಕೀಲರ ರುಮಾಲು ಮೇಷ್ಟ್ರ ಹ್ಯಾಂಡಲ್ಲಿಗೆ ಸುತ್ತಿಕೊಂಡಿತ್ತು.

"ಕ್ಷಮಿಸಬೇಕು, ತಪ್ಪು ನನ್ನದು," ಅಂದರು ವಕೀಲರು ಕೂತಲ್ಲಿಂದಲೇ.

"ಉಂಟೇ, ತಪ್ಪು ಪೂರ್ತಿ ನನ್ನದೇ," ಅಂದರು ಮೇಷ್ಟ್ರು.

ಎಬ್ಬಿಸಿ, ಮಣ್ಣು ಕೊಡವಿ, ಇಬ್ಬರನ್ನೂ ಸೈಕಲ್ಲಿನ ಪಕ್ಕ ನಿಲ್ಲಿಸಿದೆ. "ತಾವು ಮೊದಲು ಹೊರಡಿ," ಅಂದರು ಇವರು. "ಇಲ್ಲ, ತಾವು ಹಿರಿಯರು," ಅಂದರು ಅವರು. ಆಮೇಲೆ ಒಬ್ಬರ ಮಾತಿಗೆ ಇನ್ನೊಬ್ಬರು ಬೆಲೆ ಕೊಟ್ಟು ಇಬ್ಬರೂ ಒಟ್ಟಿಗೇ ಹೊರಟರು. ಹ್ಯಾಂಡಲ್ಲಿಗೆ ಹ್ಯಾಂಡಲ್ಲು ಸಿಕ್ಕಿಕೊಂಡು ಮತ್ತೆ ಅಲ್ಲೇ ಬಿದ್ದರು.

ಅಷ್ಟರಲ್ಲಿ ಅಲ್ಲಿಗೆ ಬಂದ ಜಟಕಾದವನು ಕುದುರೆ ನಿಲ್ಲಿಸಿ ಕೇಳಿದ: "ರಸ್ತೆ ತುಂಬ ಜಾಗ ಬಿದ್ದದೆ. ನಿಮ್ಮಿಬ್ಬರಿಗೂ ಅದೇ ಜಾಗ ಬೇಕಾ ಸ್ವಾಮಿ?"

ಬಿಸಿ ದೀಪ

ಆಗ ಕತ್ತಲಾದ ಮೇಲೆ ಸೈಕಲ್ಲಿಗೆ ದೀಪ ಇರಲೇಬೇಕು, ಇಲ್ಲದಿದ್ದರೆ ಪೊಲೀಸಿನವರು ಹಿಡಿಯುತ್ತಿದ್ದರು. ನಮ್ಮದೆಲ್ಲ ಸೀಮೆಎಣ್ಣೆ ದೀಪ. ಗಾಳಿ ಕೊಂಚ ಜೋರಾದರೂ ಆರಿಹೋಗುತ್ತಿತ್ತು.

ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ಗೆಳೆಯನೂ ನಾನೂ ಒಂದು ಸಂಜೆ ತಿರುಗಾಡಿಕೊಂಡು ವಾಪಸು ಬರುತ್ತಿದ್ದೆವು. ಅವನ ದೀಪ ಆರಿತು. ಉದ್ದಾನುದ್ದ ರಸ್ತೆಯಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಇದ್ದದ್ದು ಒಬ್ಬ ಪೇದೆ ಮಾತ್ರ. ಅವರು ಕೈ ಅಡ್ಡ ಹಿಡಿದರು.

"ದೀಪ ಎಲ್ರೀ?"

"ಈಗ ತಾನೇ ಆರಿತು ಸಾರ್," ಅಂದ ಗೆಳೆಯ.

"ಎಲ್ಲರೂ ಹೇಳೋದು ಅದನ್ನೇ ಕಣ್ರೀ. ಹಚ್ಚಿದ್ರಿ ಅನ್ನೋದಕ್ಕೆ ಏನು ಸಾಕ್ಷಿ?"

"ಮುಟ್ಟಿ ನೋಡಿ ಸಾರ್, ಇನ್ನೂ ಬಿಸಿ ಇರುತ್ತೆ."

ಪೇದೆ ಬೆರಳ ತುದಿಯಲ್ಲಿ ಮುಟ್ಟಿದ್ದರೆ ಆಗುತ್ತಿತ್ತು. ಅವರು ನಾಲ್ಕು ಬೆರಳನ್ನೂ ಸೇರಿಸಿ ದೀಪವನ್ನು ಗಟ್ಟಿಯಾಗಿ ಹಿಡಿದರು. ಆಮೇಲೆ ಕೈ ಒದರಿಕೊಂಡು ಬೆರಳನ್ನು ಬಾಯಿಗಿಟ್ಟುಕೊಂಡರು. ಸಾಕ್ಷಿ ಸಿಕ್ಕಿತ್ತು, ಇನ್ನು ಹಿಡಿಯುವ ಹಾಗಿರಲಿಲ್ಲ. ಸುಮ್ಮನೆ ಬಿಡುವುದಕ್ಕೂ ಅವರಿಗೆ ಮನಸ್ಸಿಲ್ಲ.

"ಹೋಗಿ," ಅಂದರು ಕೊನೆಗೆ. "ಇನ್ನು ಮೇಲೆ ದೀಪಾನ ಇಷ್ಟೊಂದು ಬಿಸಿಯಾಗೋ ಹಂಗೆ ಹಚ್ಚಬ್ಯಾಡಿ."

ಹೆಡ್ ಗುಮಾಸ್ತರ ಬೆಟ್ಟ

ಭಾನುವಾರದ ಬೆಳಿಗ್ಗೆ ನಾವು ಕೆಲವರು ಸೈಕಲ್ಲಿನಲ್ಲಿ ಚಾಮುಂಡಿ ಬೆಟ್ಟಕ್ಕೆ ಹೋಗುತ್ತಿದ್ದೆವು. ಅಪರೂಪಕ್ಕೊಂದು ಬಸ್ಸು ಬಿಟ್ಟರೆ ಆ ದಾರಿಯಲ್ಲಿ ಸಿಗುತ್ತಿದ್ದದ್ದು ಕೋತಿಗಳು ಮಾತ್ರ. ತಿರುವು ತಿರುವಿನಲ್ಲೂ ಕೆಳಗೆ ಊರು ಚಿಕ್ಕದಾಗುತ್ತಾ ಹೋಗುತ್ತಿತ್ತು. ಆ ತಣ್ಣನೆ ಗಾಳಿಯನ್ನು ಈಗಲೂ ನೆನೆಸಿಕೊಳ್ಳುತ್ತೇನೆ.

ನಮ್ಮ ಹೆಡ್ ಗುಮಾಸ್ತರಿಗೆ ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಮಾತು. "ನಿಮ್ಮಂಥ ಹುಡುಗರು ಏದುಸಿರು ಬಿಟ್ಕೊಂಡು ಬರೋ ಹೊತ್ತಿಗೆ ನಾನು ಸೈಕಲ್ ಸಮೇತ ಮೇಲೆ ಇರ್ತೀನಿ, ನೋಡ್ತಾ ಇರಿ," ಅಂದರು ಒಂದು ಶನಿವಾರ. ಇಡೀ ಕಚೇರಿ ಕೇಳಿಸಿಕೊಂಡಿತು.

ಮರುದಿನ ಬೆಟ್ಟದ ಬುಡದಲ್ಲಿ ಕಾದೆವು. ಅವರು ಬರಲಿಲ್ಲ. ಹೆದರಿಕೊಂಡರು ಅಂತ ನಕ್ಕು ಹತ್ತಿದೆವು, ಕಡೆಯ ಏರಿನಲ್ಲಿ ಇಳಿದು ತಳ್ಳಿದೆವು. ಮೇಲೆ ಹೋಗಿ ನೋಡಿದರೆ ಹೆಡ್ ಗುಮಾಸ್ತರು ಹಣೆಗೆ ಕುಂಕುಮ ಇಟ್ಟುಕೊಂಡು, ಸೈಕಲ್ಲಿಗೆ ಒರಗಿ, ಬಾಳೆಹಣ್ಣು ತಿನ್ನುತ್ತಾ ನಿಂತಿದ್ದಾರೆ. ಅಂಗಿಯ ಇಸ್ತ್ರಿ ಸಹ ಕೆಟ್ಟಿರಲಿಲ್ಲ.

ಅಷ್ಟರಲ್ಲಿ ಬಸ್ಸಿನ ಕಂಡಕ್ಟರು ಬಂದು, "ಯಜಮಾನ್ರೇ, ಇಳಿಯೋವಾಗಲೂ ಸೈಕಲ್ಲು ಟಾಪಿನ ಮೇಲೆ ಹಾಕಬೇಕಾ?" ಅಂದ.

ನಾವೆಲ್ಲ ಮುಖವನ್ನೇ ನೋಡುತ್ತಿದ್ದರೂ ಹೆಡ್ ಗುಮಾಸ್ತರು ನಿಧಾನವಾಗಿ ಹಣ್ಣು ತಿಂದು ಮುಗಿಸಿದರು. "ಸೈಕಲ್ ಸಮೇತ ಬರ್ತೀನಿ ಅಂದಿದ್ದೆ ಕಣ್ರಯ್ಯ. ಸೈಕಲ್ ಮೇಲೆ ಬರ್ತೀನಿ ಅಂದಿದ್ನಾ?"

ಹೆಣ್ಣು ನೋಡಲು ಹೋದದ್ದು

ನನಗೆ ಹೆಣ್ಣು ಹುಡುಕುತ್ತಿದ್ದ ಕಾಲ. ಬಂದ ಜಾತಕವನ್ನೆಲ್ಲ, ನೋಡಿದ ಮನೆಯನ್ನೆಲ್ಲ ಅಮ್ಮ ಬೇಡವೆನ್ನುತ್ತಿದ್ದರು. ನಾನು ಎಲ್ಲಕ್ಕೂ ಸುಮ್ಮನಿದ್ದೆ. ಆದರೆ ಊರಾಚೆ, ಬೆಟ್ಟದ ಕಡೆಯ ಒಂದು ಮನೆಯಿಂದ ಜಾತಕ ಬಂದಾಗ ಸುಮ್ಮನಿರಲಾಗಲಿಲ್ಲ. ಆ ಹುಡುಗಿಯನ್ನು ನಾನು ಕಾಲೇಜಿನ ರಸ್ತೆಯಲ್ಲಿ ನೋಡಿದ್ದೆ. ಎರಡು ಜಡೆ ಹಾಕಿಕೊಂಡು ಲೇಡೀಸ್ ಸೈಕಲ್ಲಿನಲ್ಲಿ ನೆಟ್ಟಗೆ ಕೂತು ಹೋಗುತ್ತಿದ್ದಳು. ಆಗ ಸೈಕಲ್ಲು ತುಳಿಯುವ ಹೆಣ್ಣುಮಕ್ಕಳು ಕಮ್ಮಿ. "ಈ ಒಂದು ಮನೆ ನೋಡಿಬಿಡೋಣಮ್ಮ," ಅಂದೆ. ಅಮ್ಮ ನನ್ನ ಮುಖವನ್ನೇ ನೋಡಿ ಒಪ್ಪಿದರು.

ಹೊರಡುವ ದಿನ ಜಟಕಾದಲ್ಲಿ ಅಮ್ಮ, ಸೋದರಮಾವ, ಅತ್ತೆ ಕೂತ ಮೇಲೆ ನನಗೆ ಜಾಗವಿಲ್ಲ. ನನ್ನ ಸೈಕಲ್ಲು ಪಂಕ್ಚರ್. ವಠಾರದ ಎದುರು ಮನೆಯವರ ಸೈಕಲ್ಲು ತೆಗೆದುಕೊಂಡೆ. "ಬ್ರೇಕು ಕೊಂಚ ಸಡಿಲ," ಅಂದಿದ್ದರು ಅವರು. ಊರೊಳಗೆ ಬ್ರೇಕು ಹಿಡಿಯುವ ಸಂದರ್ಭವೇ ಬರಲಿಲ್ಲ.

ಹುಡುಗಿಯ ಮನೆ ಇಳಿಜಾರಿನ ಮಧ್ಯದಲ್ಲಿತ್ತು. ಜಟಕಾ ಆಗಲೇ ತಲುಪಿ, ಎರಡೂ ಮನೆಯವರು ಗೇಟಿನ ಹತ್ತಿರ ನನಗಾಗಿ ಕಾಯುತ್ತಿದ್ದರು. ನಾನು ಬ್ರೇಕು ಹಿಡಿದೆ. ಹಿಡಿ ಹ್ಯಾಂಡಲ್ಲಿಗೆ ತಾಗಿತು, ಸೈಕಲ್ಲು ಇನ್ನಷ್ಟು ಜೋರಾಯಿತು. ಹುಡುಗಿಯ ತಂದೆ ಕೈ ಮುಗಿದರು. ನಾನೂ ಒಂದು ಕೈ ಎತ್ತಿ ನಮಸ್ಕಾರ ಮಾಡಿ, ಅವರ ಮುಂದಿನಿಂದಲೇ ಕೆಳಗೆ ಹೋಗಿಬಿಟ್ಟೆ.

"ಮನೆ ಇದೇ ಕಣೋ," ಅಂತ ಮಾವ ಕೂಗಿದ್ದು ಹಿಂದಿನಿಂದ ಕೇಳಿಸಿತು.

ಇಳಿಜಾರು ಮುಗಿಯುವಲ್ಲಿ ಹುಲ್ಲಿನ ಗಾಡಿಯೊಂದು ನಿಂತಿತ್ತು. ನಾನು ಅದರೊಳಗೆ ಹೋಗಿ ನಿಂತೆ. ಪೆಟ್ಟಾಗಲಿಲ್ಲ. ಮೈಕೈ ಕೊಡವಿಕೊಂಡು, ಇನ್ನು ಈ ಸಂಬಂಧ ಮುಗಿಯಿತೆಂದುಕೊಂಡು, ಸೈಕಲ್ಲು ತಳ್ಳುತ್ತಾ ಏರು ಹತ್ತಿದೆ. ಆ ಏರು ಚಾಮುಂಡಿ ಬೆಟ್ಟಕ್ಕಿಂತ ಕಷ್ಟವಾಗಿತ್ತು.

ಒಳಗೆ ಉಪ್ಪಿಟ್ಟು, ಕಾಫಿ ಆಯಿತು. ಯಾರೂ ಆ ಮಾತು ಎತ್ತಲಿಲ್ಲ. ಹುಡುಗಿ ಬಂದು ಚಾಪೆಯ ಮೇಲೆ ಕೂತಳು. ಅತ್ತೆ ಹಾಡು ಬರುತ್ತದೆಯೇ, ರಂಗೋಲಿ ಬರುತ್ತದೆಯೇ ಅಂತೆಲ್ಲ ಕೇಳಿದರು. ಎಲ್ಲಕ್ಕೂ ತಲೆ ತಗ್ಗಿಸಿಯೇ ಉತ್ತರ ಹೇಳಿದಳು. ಆಮೇಲೆ ಅವಳ ತಂದೆ ಔಪಚಾರಿಕವಾಗಿ, "ನಿನಗೇನಾದ್ರೂ ಕೇಳೋದಿದೆಯೇನಮ್ಮ?" ಅಂದರು. ಇಲ್ಲ ಅನ್ನುವುದು ಪದ್ಧತಿ.

ಅವಳು ತಲೆ ಎತ್ತಿದಳು. "ಇವರಿಗೆ ಸೈಕಲ್ ಬಿಡೋಕೆ ಬರುತ್ತಾ?"

ಎಲ್ಲರೂ ನನ್ನ ಕಡೆ ನೋಡಿದರು. "ಚೆನ್ನಾಗಿ ಬರುತ್ತೆ," ಅಂದೆ. "ಆದ್ರೆ ಆ ಸೈಕಲ್ಲು ನನ್ನದಲ್ಲ. ಬ್ರೇಕು ಇಷ್ಟೊಂದು ಸಡಿಲ ಅಂತ ಗೊತ್ತಿರಲಿಲ್ಲ."

"ಸೈಕಲ್ಲೂ ನಿಮ್ಮದಲ್ಲ, ಬ್ರೇಕೂ ನಿಮ್ಮದಲ್ಲ," ಅಂದಳು. "ತಲೆ ಮೇಲಿರೋ ಹುಲ್ಲಾದ್ರೂ ನಿಮ್ಮದೇನಾ?"

ತಲೆ ಮುಟ್ಟಿ ನೋಡಿಕೊಂಡೆ. ಅಷ್ಟು ಹೊತ್ತೂ ಕಿವಿಯ ಮೇಲೆ ಒಂದು ಹಿಡಿ ಹುಲ್ಲು ಇಟ್ಟುಕೊಂಡೇ ನಾನು ಗಂಭೀರವಾಗಿ ಉಪ್ಪಿಟ್ಟು ತಿಂದಿದ್ದೆ. ಅವಳ ತಾಯಿ ಗಾಬರಿಯಾಗಿ ಮಗಳ ಭುಜ ಅದುಮಿದರು.

ಮೊದಲು ನಕ್ಕವರು ನಮ್ಮಮ್ಮ. ಹೆಣ್ಣು ನೋಡಲು ಹೋದ ಯಾವ ಮನೆಯಲ್ಲೂ ನಗದಿದ್ದ ಅಮ್ಮ, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಸೆರಗಿನಿಂದ ಒರೆಸಿಕೊಂಡು ಹುಡುಗಿಯ ತಾಯಿಗೆ ಹೇಳಿದರು:

"ನಮಗೆ ಒಪ್ಪಿಗೆ ಕಣ್ರೀ. ಸೈಕಲ್ಲಿಗೆ ಹೆಂಗೂ ಇಲ್ಲ, ಇವನಿಗಾದ್ರೂ ಒಂದು ಬ್ರೇಕು ಇರಲಿ."