ಮೂರು ಪಾಯಿಂಟ್ ಮೂರೊಂದು ಎಂಬ ಆಕ್ಸಲ್ ಮಹಾಶಯರಿಗೆ, ಗುಡ್ಡದ ಮೂರನೇ ತಿರುವಿನಿಂದ

ಮಾನ್ಯರೇ,

ನನ್ನ ಪಿಕಪ್ಪಿನ ಹಿಂದಿನ ಎರಡು ಚಕ್ರಗಳ ನಡುವೆ, ಕಬ್ಬಿಣದ ಗುಂಡು ಮನೆಯೊಳಗೆ, ಕುತ್ತಿಗೆಯವರೆಗೆ ಎಣ್ಣೆಯಲ್ಲಿ ಮುಳುಗಿ ಸುಖವಾಗಿ ವಾಸವಾಗಿರುವ ತಮಗೂ ತಮ್ಮ ಸಮಸ್ತ ಹಲ್ಲುಚಕ್ರ ಪರಿವಾರಕ್ಕೂ ಬಟ್ಟೆ ಒಗೆದು ಬದುಕುವ ಈ ಹೆಂಗಸಿನ ಸವಿನಯ ವಂದನೆಗಳು. ನಾನಿಲ್ಲಿ ಕ್ಷೇಮ. ನನ್ನ ಅಕ್ಕ ಮೂರು ವಾರದಿಂದ ನನ್ನೊಡನೆ ಮಾತು ಬಿಟ್ಟಿರುವುದರಿಂದ ಅವಳ ಕ್ಷೇಮ ಸಮಾಚಾರ ತಿಳಿಸಲು ಆಗುತ್ತಿಲ್ಲ. ಈ ಪತ್ರ ಬರೆಯಬೇಕಾಗಿ ಬಂದದ್ದೂ ಅದಕ್ಕೇ.

ತಮ್ಮಂಥ ದೊಡ್ಡವರ ಪರಿಚಯ ಎಲ್ಲರಿಗೂ ಇರುವುದಿಲ್ಲವಾದ್ದರಿಂದ, ದಾರಿಹೋಕರ ಅನುಕೂಲಕ್ಕಾಗಿ ಎರಡು ಮಾತು ಹೇಳಿಬಿಡುತ್ತೇನೆ. ಎಂಜಿನ್ನಿನಿಂದ ಬರುವ ಉದ್ದನೆಯ ಶಾಫ್ಟು ಮೂರು ಸುತ್ತು ಮತ್ತು ಇನ್ನೊಂದು ಚೂರು ತಿರುಗಿದಾಗ ತಾವು ಚಕ್ರವನ್ನು ಒಂದು ಸುತ್ತು ತಿರುಗಿಸುತ್ತೀರಿ. ಅದಕ್ಕೇ ತಮಗೆ 3.31 ಎಂಬ ಬಿರುದು. ತಮ್ಮ ದೊಡ್ಡಣ್ಣ 4.10 ಎಂಬವರು ಅದೇ ಒಂದು ಸುತ್ತಿಗೆ ಶಾಫ್ಟನ್ನು ನಾಲ್ಕು ಸಲ ದುಡಿಸುತ್ತಾರೆ, ಡೀಸೆಲ್ ಹೆಚ್ಚು ಕುಡಿಯುತ್ತಾರೆ, ಎಂಜಿನ್ನನ್ನು ಸ್ವಲ್ಪ ಕಿರುಚಿಸುತ್ತಾರೆ, ಆದರೆ ಭಾರವನ್ನು ಏರಿಗೆ ಎಳೆದುಕೊಂಡು ಹೋಗುತ್ತಾರೆ. ಸೈಕಲ್ಲಿನಲ್ಲಿ ಏರು ಹತ್ತುವಾಗ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಚೈನು ಹಾಕುವುದಿಲ್ಲವೇ, ಅಷ್ಟೇ ವಿಷಯ. ಇಷ್ಟು ಅರ್ಥ ಮಾಡಿಕೊಳ್ಳಲು ನನಗೆ ಒಂದು ಗುಡ್ಡ ಬೇಕಾಯಿತು.

ನಮ್ಮದು ಚಲಿಸುವ ಲಾಂಡ್ರಿ. ಒಂದು ಉದ್ದನೆಯ ಟ್ರೇಲರಿನಲ್ಲಿ ನಾಲ್ಕು ದೊಡ್ಡ ವಾಷಿಂಗ್ ಮೆಷಿನ್, ಎರಡು ಡ್ರೈಯರ್, ಒಂದು ಬಾಯ್ಲರ್, ಮುಂಭಾಗದಲ್ಲಿ ಸಾವಿರದ ಇನ್ನೂರು ಲೀಟರಿನ ನೀರಿನ ಟ್ಯಾಂಕು. ಹಾಸ್ಟೆಲ್ಲು, ಆಸ್ಪತ್ರೆ, ಅತಿಥಿಗೃಹ ಎಂದು ಎಲ್ಲಿ ಹಾಸಿಗೆ ಬಟ್ಟೆಯ ರಾಶಿ ಇದ್ದು ನೀರಿಗೆ ತತ್ವಾರವೋ ಅಲ್ಲಿಗೆ ನಾನೂ ಅಕ್ಕನೂ ಹೋಗಿ, ಅಂಗಳದಲ್ಲೇ ಒಗೆದು ಒಣಗಿಸಿ ಮಡಿಚಿಟ್ಟು ಬರುತ್ತೇವೆ. ಕಲೆ ತೆಗೆಯುವುದರಲ್ಲಿ ಅಕ್ಕನನ್ನು ಮೀರಿಸುವವರಿಲ್ಲ. ಮಾತಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಹಾಗಾಗಿ ಹೊಸ ಪಿಕಪ್ ತೆಗೆದುಕೊಳ್ಳಬೇಕಾಗಿ ಬಂದಾಗ, ಗಾಡಿ ಇಬ್ಬರ ಹೆಸರಿನಲ್ಲಿದ್ದರೂ, ಶೋರೂಮಿನ ಮೆತ್ತನೆಯ ಕುರ್ಚಿಯಲ್ಲಿ ಮುಂದೆ ಕುಳಿತವಳು ನಾನು.

ಆಹಾ, ಅಲ್ಲಿನ ಆ ನುಣುಪಾದ ಪುಸ್ತಿಕೆಯಲ್ಲಿ ತಮ್ಮ ವರ್ಣನೆಯೇ ವರ್ಣನೆ! ಇಂಧನ ಉಳಿತಾಯ, ಸದ್ದಿಲ್ಲದ ಪ್ರಯಾಣ, ಹೆದ್ದಾರಿಯಲ್ಲಿ ತೇಲಿದ ಅನುಭವ. ತಮ್ಮ ದೊಡ್ಡಣ್ಣನಿಗೆ ಪುಟದ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ಭಾರ ಎಳೆಯುವವರಿಗೆ ಎಂಬ ಒಂದೇ ಸಾಲು. ಅಕ್ಕ ಕನ್ನಡಕ ಏರಿಸಿಕೊಂಡು ಆ ಸಾಲಿನ ಮೇಲೇ ಬೆರಳಿಟ್ಟು, “ನಾವು ಎಳೆಯೋದು ನೀರಿನ ಗಾಡಿ ಕಣೇ, ನಾಲ್ಕರದ್ದೇ ತಗೋ” ಎಂದಳು. ನಾನು, ನನ್ನ ನಾಲಿಗೆಗೆ ಬೆಂಕಿ ಹಾಕ, “ನೀನು ಸುಮ್ನಿರಕ್ಕ, ಇದೇನು ಇಸ್ತ್ರಿ ಮಾಡಿದ ಹಾಗಲ್ಲ” ಎಂದೆ. ಟೈ ಕಟ್ಟಿದ ಮಾರಾಟದವರು ನಕ್ಕರು, ಅವರು ನಕ್ಕದ್ದಕ್ಕೆ ನಾನೂ ನಕ್ಕೆ, ಅಕ್ಕ ಕನ್ನಡಕ ತೆಗೆದು ಡಬ್ಬಿಗೆ ಹಾಕಿಕೊಂಡಳು.

ಟ್ರೇಲರಿನ ತೂಕ ಎಷ್ಟೆಂದು ಅವರು ಕೇಳಿದಾಗ ನಾನು ಲಾರಿ ತೂಗುವ ವೇಬ್ರಿಡ್ಜಿನ ಚೀಟಿಯನ್ನೇ ಚೀಲದಿಂದ ತೆಗೆದು ಠೀವಿಯಿಂದ ಮೇಜಿನ ಮೇಲಿಟ್ಟೆ: ಎರಡು ಸಾವಿರದ ಇನ್ನೂರ ಅರವತ್ತು ಕಿಲೋ. ತಮ್ಮ ಶಕ್ತಿಯ ಮಿತಿ ಎರಡು ಸಾವಿರದ ಏಳುನೂರು. “ಇನ್ನೂ ಬೇಕಾದಷ್ಟು ಜಾಗ ಇದೆ ಮೇಡಂ” ಎಂದು ಅವರು ಕೈ ಕುಲುಕಿದರು. ಮಾನ್ಯರೇ, ಇಲ್ಲಿ ನನ್ನ ಮೂರ್ಖತನದ ಕಸುಬುದಾರಿಕೆಯನ್ನು ತಾವು ದಯವಿಟ್ಟು ಗಮನಿಸಬೇಕು. ಒಗೆಯುವವರು ಪ್ರತಿ ಸಂಜೆ ಟ್ಯಾಂಕು ಖಾಲಿ ಮಾಡಿಯೇ ಮಲಗುವುದು. ನಿಂತ ನೀರು ನಾರುತ್ತದೆ, ನಾರಿದ ನೀರಿನಲ್ಲಿ ಒಗೆದ ಹೊದಿಕೆಯನ್ನು ರೋಗಿಯೂ ಹೊದೆಯುವುದಿಲ್ಲ. ಹಾಗೆ ಖಾಲಿ ಮಾಡಿದ ಗಾಡಿಯನ್ನೇ ಮರುದಿನ ಬೆಳಿಗ್ಗೆ ತೂಗಿಸಿಕೊಂಡು ಬಂದವಳು ನಾನು. ಒದ್ದೆ ಕಂಬಳಿ ಎಷ್ಟು ಭಾರ ಎಂದು ಇಪ್ಪತ್ತೆರಡು ವರ್ಷದಿಂದ ಸೊಂಟ ಮುರಿದುಕೊಂಡು ತಿಳಿದವಳು, ನೀರಿಗೆ ತೂಕವಿದೆ ಎಂಬುದನ್ನು ಮರೆತಳು. ಟ್ಯಾಂಕು ತುಂಬಿದರೆ ಹನ್ನೆರಡು ನೂರು ಕಿಲೋ ಹೆಚ್ಚು. ಹೈಸ್ಕೂಲು ಹುಡುಗಿಗೂ ಬರುವ ಕೂಡುಲೆಕ್ಕ.

ಆದರೂ ತಮ್ಮ ಗುಣಗಾನ ಮಾಡದಿದ್ದರೆ ನನ್ನಷ್ಟು ಕೃತಘ್ನಳು ಇನ್ನೊಬ್ಬಳಿಲ್ಲ. ಸಮತಟ್ಟು ರಸ್ತೆ, ಹಿಂದೆ ಏನೂ ಇಲ್ಲ, ಮುಂದೆ ಏನೂ ಇಲ್ಲ, ಗಾಳಿಯೂ ಬೆನ್ನಿಗಿದೆ ಎಂದಾದರೆ ತಾವು ಸಾಕ್ಷಾತ್ ಮಹಾರಾಜರು. ಮೊದಲ ತಿಂಗಳು ಪೇಟೆಯೊಳಗಿನ ಹಾಸ್ಟೆಲ್ಲುಗಳಿಗೆ ಹೋಗಿಬರುವಾಗ ನಾನು ಡೀಸೆಲ್ ಮುಳ್ಳನ್ನು ತೋರಿಸಿ ತೋರಿಸಿ ಅಕ್ಕನ ತಲೆ ತಿಂದೆ. ಅವಳು ಹ್ಞೂಂ ಎಂದಳು.

ಆಮೇಲೆ ಗುಡ್ಡದ ಮೇಲಿನ ಆಸ್ಪತ್ರೆಯಿಂದ ಕರೆ ಬಂತು. ಅಲ್ಲಿನ ನೀರಿನ ಪಂಪು ಕೆಟ್ಟು ನೂರ ನಲವತ್ತು ಹಾಸಿಗೆಗಳ ಬಟ್ಟೆ ಮೂರು ದಿನದಿಂದ ಕೊಳೆಯುತ್ತಿದೆ, ಒಮ್ಮೆ ಬಂದು ಹೋಗಿ ಎಂದು. ಟ್ಯಾಂಕನ್ನು ಕಂಠಮಟ್ಟ ತುಂಬಿಸಿ ಹೊರಟೆವು. ಮೊದಲ ತಿರುವಿನಲ್ಲಿ ತಾವು ನಿಟ್ಟುಸಿರು ಬಿಟ್ಟಿರಿ, ಎರಡನೆಯದರಲ್ಲಿ ಏದುಸಿರು. ಮೂರನೆಯದರಲ್ಲಿ ಎದುರಿನ ಲಾರಿಗೆ ದಾರಿ ಕೊಡಲೆಂದು ಒಂದು ಕ್ಷಣ ನಿಲ್ಲಿಸಿದ್ದೇ ತಡ, ಮತ್ತೆ ಹೊರಡಲು ತಾವು ಸುತರಾಂ ಒಪ್ಪಲಿಲ್ಲ. ಮೊದಲ ಗೇರು ಹಾಕಿದೆ, ಕ್ಲಚ್ಚು ಸುಟ್ಟ ವಾಸನೆ ಮೂಗಿಗೆ ಅಡರಿತು, ಗಾಡಿ ಮುಂದೆ ಹೋಗುವ ಬದಲು ಗೇಣು ಗೇಣಾಗಿ ಹಿಂದೆ ಜಾರಿತು. ಹಿಂದೆ ಹದಿನಾಲ್ಕು ವಾಹನ, ಹದಿನಾಲ್ಕು ಹಾರನ್ನು. ಅಕ್ಕ ಕೆಳಗಿಳಿದು, ಚಕ್ರಗಳಿಗೆ ಕಲ್ಲು ಕೊಟ್ಟು, ಟ್ಯಾಂಕಿನ ಕೆಳಗೆ ಮಂಡಿಯೂರಿ ನಲ್ಲಿ ತಿರುಗಿಸಿದಳು. ಸಾವಿರದ ಇನ್ನೂರು ಲೀಟರ್ ಒಳ್ಳೆಯ ನೀರು ರಸ್ತೆಯುದ್ದಕ್ಕೂ ಹರಿದು, ಹಿಂದಿನ ಹದಿನಾಲ್ಕೂ ವಾಹನಗಳ ಚಕ್ರ ತೊಳೆದು ಚರಂಡಿ ಸೇರಿತು.

ಹಗುರಾದ ಮೇಲೆ ತಾವು ಏನೂ ಆಗದವರಂತೆ ಗುಡ್ಡ ಹತ್ತಿದಿರಿ. ಒಗೆಯುವ ಗಾಡಿ ಆಸ್ಪತ್ರೆಯ ಅಂಗಳ ಮುಟ್ಟಿತು, ಒಂದು ಚೊಂಬು ನೀರಿಲ್ಲದೆ. ಹೆಡ್ ನರ್ಸಮ್ಮ ಖಾಲಿ ಟ್ಯಾಂಕನ್ನು ಬೆರಳಿನಿಂದ ಬಡಿದು ನೋಡಿ, “ನೀರು ನಾವೇ ಕೊಡೋ ಹಾಗಿದ್ರೆ ನಿಮ್ಮನ್ನ ಯಾಕಮ್ಮಾ ಕರೀತಿದ್ವಿ?” ಎಂದರು. ಅದಕ್ಕೆ ಉತ್ತರ ತಮ್ಮ ಪುಸ್ತಿಕೆಯಲ್ಲೂ ಇರಲಿಲ್ಲ, ಹುಡುಕಿ ನೋಡಿದೆ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣಪುಟ್ಟ ಬೇಡಿಕೆ. ಆ ಗುಡ್ಡವನ್ನು ತಮ್ಮ ಅನುಕೂಲಕ್ಕೆ ತಕ್ಕಂತೆ ತಗ್ಗಿಸಿಕೊಡಲು ಸಂಬಂಧಪಟ್ಟವರಿಗೆ ತಾವೇ ಒಂದು ಮಾತು ಹೇಳಬೇಕು. ಏರಿನಲ್ಲಿ ಮಾತ್ರ ತೂಕ ಕಳೆದುಕೊಂಡು ಮೇಲೆ ಹೋದ ಮೇಲೆ ಮತ್ತೆ ಪಡೆದುಕೊಳ್ಳುವಂತೆ ನೀರಿಗೆ ಬುದ್ಧಿ ಹೇಳಬೇಕು. ಅದೂ ಆಗದಿದ್ದರೆ ಗುಡ್ಡದ ಮೇಲಿನ ರೋಗಿಗಳೆಲ್ಲ ಹಾಸಿಗೆ ಕೊಳೆ ಮಾಡದೆ ಅಚ್ಚುಕಟ್ಟಾಗಿ ಕಾಯಿಲೆ ಬೀಳುವಂತೆ ಏರ್ಪಾಡು ಮಾಡಿದರೂ ಸಾಕು, ನಾನು ಸಂತೋಷವಾಗಿ ಮನೆಯಲ್ಲಿರುತ್ತೇನೆ.

ಇಷ್ಟು ಬೈದು ಸಮಾಧಾನವಾಯಿತೇ ಎಂದು ತಾವು ಕೇಳಬಹುದು. ಇಲ್ಲ, ಆಗಲಿಲ್ಲ. ಯಾಕೆಂದರೆ ಮೂರನೇ ತಿರುವಿನಲ್ಲಿ ನಡೆದ ಒಂದು ಸಂಗತಿಯನ್ನು ನಾನು ಇಷ್ಟು ಹೊತ್ತೂ ಬೇಕೆಂದೇ ನುಂಗಿಕೊಂಡೆ, ಮತ್ತು ಅದರಲ್ಲಿ ತಮ್ಮ ತಪ್ಪು ಎಳ್ಳಷ್ಟೂ ಇಲ್ಲ.

ನೀರು ಹರಿಯುತ್ತಿದ್ದಾಗ ಹಿಂದಿನ ಲಾರಿಯ ಡ್ರೈವರಣ್ಣ ಇಳಿದು ಬಂದು, ಬಗ್ಗಿ ತಮ್ಮನ್ನು ನೋಡಿ, ಎಷ್ಟರ ಆಕ್ಸಲ್ ಇದು ಎಂದು ಕೇಳಿದರು. ಹೇಳಿದೆ. ಅವರು ಹಣೆ ಚಚ್ಚಿಕೊಂಡು, ಹದಿನಾಲ್ಕು ಗಾಡಿಗೂ ಕೇಳುವ ಹಾಗೆ, “ಇಷ್ಟು ಭಾರಕ್ಕೆ ಇದನ್ನ ಆರಿಸಿದ ಪುಣ್ಯಾತ್ಮರು ಯಾರಮ್ಮ?” ಎಂದರು. ಅಷ್ಟೂ ಜನ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ನಲ್ಲಿಯ ಕಡೆಗೆ ಕೈ ತೋರಿಸಿ, “ನಮ್ಮಕ್ಕ” ಎಂದುಬಿಟ್ಟೆ.

ಡ್ರೈವರಣ್ಣ ಐದು ನಿಮಿಷ ಅವಳಿಗೆ ಪಾಠ ಹೇಳಿದರು. ಗೊತ್ತಿಲ್ಲದಿದ್ದರೆ ಗೊತ್ತಿದ್ದವರನ್ನು ಕೇಳಬೇಕು, ಹೆಂಗಸರು ಹೀಗೆಲ್ಲ ಕೈ ಹಾಕಬಾರದು, ಇನ್ನೊಬ್ಬರ ಜೀವಕ್ಕೆ ಕುತ್ತು, ಇತ್ಯಾದಿ. ಮೊಣಕೈವರೆಗೆ ಒದ್ದೆಯಾಗಿದ್ದ ಅಕ್ಕ ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ ಅವರ ಕಡೆ ತಿರುಗಿ, “ಹೌದಣ್ಣ, ತಪ್ಪಾಯ್ತು” ಎಂದಳು. ಅವಳು ಅಲ್ಲೇ ನನ್ನ ಕೆನ್ನೆಗೆ ಎರಡು ಬಿಟ್ಟಿದ್ದರೆ ನಾನು ಇವತ್ತು ನಿದ್ದೆ ಮಾಡುತ್ತಿದ್ದೆ. ಆ ಸಂಜೆ ಆಸ್ಪತ್ರೆಯ ಬಸ್ಸು ಹತ್ತಿ ಗುಡ್ಡ ಇಳಿದು ಹೋದವಳು ಈಗ ಪೇಟೆಯಲ್ಲಿರುವ ನಮ್ಮ ಹಳೆಯ ಲಾಂಡ್ರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದೇ ಮೆಷಿನ್ನಿಟ್ಟುಕೊಂಡು ಒಬ್ಬಳೇ ಒಗೆಯುತ್ತಾಳೆ. ನಾನು ಬಾಗಿಲಲ್ಲಿ ನಿಂತರೆ ಮೆಷಿನ್ನಿನ ಸದ್ದು ನಿಲ್ಲುವುದಿಲ್ಲ, ಅವಳು ತಲೆ ಎತ್ತುವುದಿಲ್ಲ. ಎರಡು ಸಲ ತಪ್ಪಾಯಿತು ಎಂದು ಅವಳ ಕಿವಿಯಲ್ಲಿ ಹೇಳಿ ಬಂದೆ. ಹದಿನಾಲ್ಕು ಗಾಡಿಯವರ ಮುಂದೆ ಗಂಟಲು ಹರಿದು ಹೇಳಿದ ಸುಳ್ಳನ್ನು ಕೋಣೆಯೊಳಗೆ ಪಿಸುಗುಟ್ಟಿ ವಾಪಸು ತೆಗೆದುಕೊಳ್ಳಲು ಬರುವುದಿಲ್ಲ ಎಂದು ಆಮೇಲೆ ಹೊಳೆಯಿತು. ಅದಕ್ಕೇ ಈ ಪತ್ರ ಬಹಿರಂಗ.

ತಮ್ಮನ್ನು ಬಿಚ್ಚಿಸಿ ಬೇರೆ ಹಲ್ಲುಚಕ್ರದ ಜೋಡಿ ಹಾಕಿಸಲು ವರ್ಕ್‌ಶಾಪಿನವರು ಒಂದು ಫಾರಂ ಕೊಟ್ಟಿದ್ದಾರೆ. ಬೇಕಾದ ಅನುಪಾತ, ಅಂದರೆ 3.31 ಅಥವಾ 4.10 ಎಂಬುದನ್ನು, ಮಾಲೀಕರೇ ಕೈಯಾರೆ ಬರೆಯಬೇಕಂತೆ. ನಾನು ಕೆಳಗೆ ಸಹಿ ಹಾಕಿ, ಆ ಸಾಲನ್ನು ಖಾಲಿ ಬಿಟ್ಟು, ಅಕ್ಕನ ಇಸ್ತ್ರಿ ಮೇಜಿನ ಮೇಲೆ ಪೆನ್ನಿನ ಜೊತೆ ಇಟ್ಟು ಬಂದಿದ್ದೇನೆ. ಅವಳು ಏನು ಬರೆದರೆ ಅದು. ಏನೂ ಬರೆಯದಿದ್ದರೆ, ಮಾನ್ಯರೇ, ತಾವೂ ನಾನೂ ಪೇಟೆಯ ಸಮತಟ್ಟು ರಸ್ತೆಯಲ್ಲಿ ಡೀಸೆಲ್ ಉಳಿಸಿಕೊಂಡು ಒಬ್ಬರಿಗೊಬ್ಬರು ಎಂದು ಇರಬೇಕಾದೀತು. ಆ ಶಿಕ್ಷೆ ನನಗೆ ಬೇಡ.

ಅಕ್ಕನ ಕೈಬರಹ ಆ ಫಾರಮ್ಮಿನಲ್ಲಿ ಮೂಡುವವರೆಗೆ ಮಾತ್ರ,

ತಮ್ಮ ವಿಶ್ವಾಸಿ,
ಲಾಂಡ್ರಿಯ ಅರ್ಧ ಒಡತಿ, ತಪ್ಪಿನ ಪೂರ್ತಿ ಒಡತಿ

ತಾ.ಕ.: ಈ ಪತ್ರವನ್ನು ಬೆರಳಗಲದ ಅಕ್ಷರದಲ್ಲಿ ಬರೆಸಿ ಟ್ರೇಲರಿನ ಹಿಂಬಾಗಿಲ ತುಂಬ ಅಂಟಿಸಿದ್ದೇನೆ. ನಾಳೆ ಟ್ಯಾಂಕು ತುಂಬಿಸಿಕೊಂಡು ಅದೇ ಗುಡ್ಡಕ್ಕೆ ಹೊರಡುತ್ತೇನೆ. ಇಷ್ಟುದ್ದದ ಪತ್ರವನ್ನು ರಸ್ತೆಯಲ್ಲಿ ಯಾರು ಓದುತ್ತಾರೆ ಎಂದು ಪೇಂಟರು ನಕ್ಕರು. ಅವರಿಗೆ ತಮ್ಮ ಪರಿಚಯವಿಲ್ಲ. ತಾವು ಎಳೆಯುತ್ತಿರುವಾಗ ಹಿಂದಿನವರಿಗೆ ಓದಿ ಮುಗಿಸಿ, ಡ್ರೈವರಣ್ಣನನ್ನೂ ಕರೆದು ತೋರಿಸಿ, ನಮ್ಮಕ್ಕನಿಗೆ ಫೋನು ಮಾಡಿ ಗಟ್ಟಿಯಾಗಿ ಓದಿ ಹೇಳುವಷ್ಟು ಸಮಯ ಸಿಕ್ಕೇ ಸಿಗುತ್ತದೆ. ಅವಳ ನಂಬರನ್ನು ಕೆಳಗೆ ಕೆಂಪಕ್ಷರದಲ್ಲಿ ಬರೆಸಿದ್ದೇನೆ.