ಹೊರಗಿನ ರಜೆ

ಬೆಂಗಳೂರಿನಲ್ಲಿ ಒಂದು ನಿಯಮ ಬದಲಾದರೆ ನನಗೆ ಬಸ್ಸು ಹತ್ತುವ ಯೋಗ. ಸುತ್ತಲಿನ ಹೋಟೆಲು, ಅಂಗಡಿ, ಕಾರ್ಖಾನೆಗಳ ಧಣಿಗಳಿಗೆ ಕಾರ್ಮಿಕ ಕಾನೂನು ತಿಳಿಸುವುದು ನನ್ನ ಕೆಲಸ. ಕುಂದಾಪುರದಲ್ಲಿ ಕಚೇರಿ ಇದೆ, ಕೂತದ್ದು ಕಡಿಮೆ. ಮುಟ್ಟಿನ ದಿನಕ್ಕೆಂದು ಹೆಂಗಸರಿಗೆ ತಿಂಗಳಿಗೊಂದು ಸಂಬಳದ ರಜೆ ಕೊಡಬೇಕೆಂಬ ಆದೇಶ ಬಂದ ಮೇಲಂತೂ ಕೂತಲ್ಲಿ ಕೂರಲಾಗಲಿಲ್ಲ. ಕೊಕ್ಕರ್ಣೆಯ ಗೇರುಬೀಜ ಕಾರ್ಖಾನೆಯಲ್ಲಿ ಸಿಪ್ಪೆ ತೆಗೆಯುವ ಹೆಂಗಸೊಬ್ಬಳು ಗೇಟಿನ ಹತ್ತಿರ ಮೆಲ್ಲಗೆ ಕೇಳಿದ್ದಳು: "ಹೊಟ್ಟೆನೋವ್ ತಡ್ಕಂಡೇ ಬತ್ತೆ ಮಾರಾಯ್ರೆ. ಆ ರಜೆ ನಮ್ಗೂ ಇತ್ತಾ?"

ಇದೆ, ಧಣಿಗೆ ಹೇಳುತ್ತೇನೆ ಎಂದಿದ್ದೆ. ಹೇಳುವುದು ಅಷ್ಟು ಸುಲಭವಿರಲಿಲ್ಲ.

ತ್ರಾಸಿಯಲ್ಲಿ

ಹೋಟೆಲಿನ ಧಣಿಗೆ ರಜೆಯ ವಿಷಯ ಆಗಲೇ ತಿಳಿಸಿದ್ದೆ. ಒಂದು ಬೆಳಿಗ್ಗೆ ಕೋರ್ಟು ಆದೇಶಕ್ಕೆ ತಡೆ ಕೊಟ್ಟಿತೆಂದು ಸುದ್ದಿ ಬಂತು. ಓಡಿಹೋಗಿ ಹೇಳಿದೆ. ಊಟ ಮುಗಿಯುವಷ್ಟರಲ್ಲಿ ತಡೆ ವಾಪಸಾದ ಸುದ್ದಿ. ಅದನ್ನೂ ಹೇಳಿದೆ.

"ಹ್ವಾಯ್, ಬಂದರಲ್ಲಿ ಮೀನಿನ ರೇಟೂ ಇಷ್ಟ್ ಬೇಗ ಬದ್ಲಾತಿಲ್ಲೆ!" ಎಂದರು ಅವರು.

ಸಾಲಿಗ್ರಾಮದಲ್ಲಿ

ಬಟ್ಟೆ ಅಂಗಡಿಯವರು ಎಲ್ಲ ಕೇಳಿಸಿಕೊಂಡರು. ಡಾಕ್ಟರ ಚೀಟಿ ಕೇಳುವಂತಿಲ್ಲ, ಈ ತಿಂಗಳ ರಜೆ ಮುಂದಿನ ತಿಂಗಳಿಗೆ ಉಳಿಸುವಂತಿಲ್ಲ ಎಂದೆ. ತುಂಬ ಯೋಚಿಸಿ ಕೇಳಿದರು: "ಅದ್ ಭಾನುವಾರ ಬಂದ್ರೆ ನಮ್ಗೆ ಒಂದ್ ರಜೆ ಉಳೀತಲ್ದಾ?"

ಗಲ್ಲಾದಲ್ಲಿದ್ದ ಹೆಂಡತಿ ತಲೆ ಎತ್ತದೆ ಹೇಳಿದರು: "ಅದಕ್ಕೆ ಕ್ಯಾಲೆಂಡರ್ ಕಾಂಬುಕೆ ಬತ್ತಿಲ್ಲೆ."

ಕೊಕ್ಕರ್ಣೆಯಲ್ಲಿ

ಕಾರ್ಖಾನೆಯ ಧಣಿ ಸಂಕೋಚದ ಮನುಷ್ಯ. ನಾನೂ ಅಷ್ಟೆ. ಇಬ್ಬರೂ ಆ ಶಬ್ದದ ಸುತ್ತ ಬಹಳ ಹೊತ್ತು ತಿರುಗಿದೆವು.

"ಋತುಚಕ್ರ ರಜೆ ಎಂದು ಬೋರ್ಡಿಗೆ ಹಾಕಿ" ಎಂದೆ.

"ಮಳೆಗಾಲದ್ದಾ ಬೇಸಗೆದಾ ಅಂತ ಕೇಂತ್ರ್!"

ಕೊನೆಗೆ ಅವರೇ ಒಂದು ದಾರಿ ಕಂಡುಕೊಂಡರು. ಆ ದಿನಗಳಲ್ಲಿ ಹೆಂಗಸರು 'ಹೊರಗೆ' ಎನ್ನುವುದು ನಮ್ಮ ಕಡೆಯ ಮಾತು. ಬೋರ್ಡಿನಲ್ಲಿ ಬರೆದರು: 'ತಿಂಗಳಿಗೊಂದು ಹೊರಗಿನ ರಜೆ ಉಂಟು.'

ಮರುದಿನ ಮೊದಲು ಬಂದವನು ಬೀಜ ಹುರಿಯುವ ದಪ್ಪ ಮೀಸೆಯವನು. "ನಂಗೊಂದ್ ಹೊರಗಿನ ರಜೆ ಬೇಕ್. ಮುಂಬೈಗ್ ಹೋಯ್ಕ್."

ಶೆಡ್ಡೆಲ್ಲ ಮುಸಿಮುಸಿ ನಕ್ಕಿತು. ಆದರೆ ಆ ನಗುವಿನ ಎದುರು ಎದ್ದುಹೋಗಿ ರಜೆ ಕೇಳುವ ಧೈರ್ಯ ಒಬ್ಬಳಿಗೂ ಆಗಲಿಲ್ಲ.

ಮುಂದಿನ ಸಲ ನಾನು ಹೋದಾಗಲೂ ಗೇಟಿನ ಹತ್ತಿರ ಕೇಳಿದ್ದ ಆ ಹೆಂಗಸು ಹೊಟ್ಟೆ ಅದುಮಿಕೊಂಡು ಸಿಪ್ಪೆ ತೆಗೆಯುತ್ತಿದ್ದಳು. ಧಣಿ ಬ್ರಹ್ಮಾವರಕ್ಕೆ ಹೋಗಿದ್ದರು. ಅಷ್ಟರಲ್ಲಿ ಯಾರದೋ ಫೋನು ಬಂತು. ಯಂತ್ರದ ಸದ್ದಿಗೆ ಆಚೆಯವರಿಗೆ ಕೇಳಿಸಲಿಲ್ಲವೆಂದು ಕಾಣುತ್ತದೆ, ಗುಮಾಸ್ತ ಗಂಟಲು ಹರಿಯುವಂತೆ ಕೂಗಿದ: "ಧಣಿಗಳಿಲ್ಲ ಸಾರ್! ಹೊರಗೆ! ಬೆಳಿಗ್ಗೆಯಿಂದ ಹೊರಗೆ ಇದ್ದಾರೆ!"

ಕೈಗಳೆಲ್ಲ ನಿಂತವು. ಮೂಲೆಯಿಂದ ಹಿರಿಯ ಹೆಂಗಸೊಬ್ಬಳ ದನಿ ಬಂತು: "ಅಯ್ಯೋ ಪಾಪ! ಅವ್ರಿಗೂ ಒಂದ್ ದಿನ ರಜೆ ಬರ್ದ್ ಹಾಕಿ!"

ಶೆಡ್ಡಿನ ತಗಡು ಹಾರುವಂತೆ ನಗು. ಆ ಗದ್ದಲದ ನಡುವೆಯೇ ನಮ್ಮ ಹೆಂಗಸು ಎದ್ದಳು. ಹೊಟ್ಟೆ ಹಿಡಿದುಕೊಂಡದ್ದು ನೋವಿಗೋ ನಗುವಿಗೋ ತಿಳಿಯಲಿಲ್ಲ. ಬುತ್ತಿಚೀಲ ಹೆಗಲಿಗೇರಿಸಿ, ಬಾಗಿಲಲ್ಲಿ ನಿಂತು, ಗುಮಾಸ್ತನಿಗೆ ಅವನಷ್ಟೇ ಜೋರಾಗಿ ಕೂಗಿ ಹೇಳಿದಳು:

"ಹ್ವಾಯ್, ಧಣಿಗಳೊಬ್ರೇ ಅಲ್ಲ, ನಾನೂ ಹೊರಗೆ! ನಾಳೆ ಬತ್ತೆ!"